ಹೆಳವರ ಚೋಪಡಿ, ಮೋಡಿ ಕಾಗದ: ಜತ್ತ ನಾಡಿನ ಮನೆತನಗಳ ನೆನಪು

ಉತ್ತರ ಕರ್ನಾಟಕದಲ್ಲೂ ಅದಕ್ಕೆ ಹತ್ತಿಕೊಂಡ ಮಹಾರಾಷ್ಟ್ರದ ಗಡಿ ತಾಲ್ಲೂಕುಗಳಲ್ಲೂ ಒಕ್ಕಲು ಮನೆತನಗಳ ಚರಿತ್ರೆಯನ್ನು ಕಾಯ್ದುಕೊಂಡು ಬಂದವರು ಹೆಳವರು. ಸುಗ್ಗಿ ಮುಗಿದು ಕಣದ ಕಾಳು ಮನೆ ಸೇರಿದ ಮೇಲೆ ಅವರು ಊರಿಗೆ ಬರುತ್ತಾರೆ. ಊರ ಹೊರಗೆ ಬಿಡಾರ ಹೂಡಿ, ತಮ್ಮ ಪಾಲಿನ ಮನೆಗಳ ಮುಂದೆ ಒಂದೊಂದಾಗಿ ನಿಂತು ಆ ಮನೆತನದ ಮೂಲ ಊರು ಯಾವುದು, ಮನೆದೇವರು ಯಾವುದು, ಬೆಡಗು ಯಾವುದು, ಹಿರಿಯರು ಊರು ಬಿಟ್ಟದ್ದು ಏಕೆ, ಹಾದಿಯಲ್ಲಿ ಎಲ್ಲೆಲ್ಲಿ ನಿಂತರು, ಅಣ್ಣತಮ್ಮಂದಿರು ಯಾವಾಗ ಬೇರೆಯಾದರು ಎಂಬುದನ್ನೆಲ್ಲ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತ ಹೇಳುತ್ತಾರೆ. ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಕನ್ನಡ ಮನೆತನಗಳಿಗೂ ತಮ್ಮ ಹಿಂದಿನವರ ವಿಷಯ ಗೊತ್ತಾಗುವ ಹಳೆಯ ದಾರಿ ಇದೇ. ಇನ್ನೊಂದು ದಾರಿ ಕಾಗದದ್ದು. ಆ ಕಾಗದ ಮರಾಠಿಯಲ್ಲಿ, ಅದರಲ್ಲೂ ಹೆಚ್ಚಿನದು ಮೋಡಿ ಲಿಪಿಯಲ್ಲಿದೆ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಈ ನಾಡಿನ ಮನೆತನದ ಚರಿತ್ರೆ ಪೂರ್ತಿ ಕಾಣುತ್ತದೆ.

‘ಹೆಳವ’ ಎಂದರೆ ಕಾಲಿಲ್ಲದವನು, ನಡೆಯಲಾರದವನು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಕನ್ನಡ ನಾಡಿನ ಹೆಳವರನ್ನು ಊರ ಚರಿತ್ರೆಯ ಪಾಲಕರೆಂದು ವಿವರಿಸಿದ್ದಾನೆ. ಕಾಲುಗಳನ್ನು ಮುಚ್ಚಿಕೊಂಡು, ಎತ್ತಿನ ಮೇಲೆ ಕುಳಿತು ಬರುವ ಹೆಳವನ ಚಿತ್ರ ಅಲ್ಲಿದೆ. ಹೆಳವರಲ್ಲಿ ಕಾಲಿಲ್ಲದವರು ಎಲ್ಲೋ ಒಬ್ಬಿಬ್ಬರು. ಕುಲದ ಮೂಲಪುರುಷ ಹೆಳವನಾಗಿದ್ದನೆಂಬ ನೆನಪಿಗಾಗಿ ಕಾಲು ಮುಚ್ಚಿಕೊಳ್ಳುವ ರೂಢಿ ಉಳಿದಿತ್ತು. ಅವನಿಗೆ ಬಸವಣ್ಣನವರು ಎತ್ತು, ಗಂಟೆ ಕೊಟ್ಟು ವಂಶಾವಳಿ ಹೇಳುವ ಕಾಯಕ ಒಪ್ಪಿಸಿದರೆಂಬ ಐತಿಹ್ಯವೂ ಇದೆ. ತೆಲುಗು ನಾಡಿನಲ್ಲಿ ಇದೇ ಕೆಲಸ ಮಾಡುವವರು ಪಿಚ್ಚಿಗುಂಟ್ಲರು. ಎತ್ತಿನ ಬದಲು ಈಗ ಮೋಟಾರ್ ಸೈಕಲ್ಲು, ಟೆಂಪೊ ಬಂದಿವೆ. ಕೇಳುವ ಪ್ರಶ್ನೆ, ಹೇಳುವ ಕ್ರಮ ಮಾತ್ರ ಹಳೆಯದೇ.

ಈ ಕಾಯಕದ ಒಳಗೆ ಗಟ್ಟಿಯಾದ ಒಂದು ವ್ಯವಸ್ಥೆ ಇದೆ. ಯಾವ ಊರು, ಯಾವ ಮನೆತನ ಯಾವ ಹೆಳವನಿಗೆ ಸೇರಿದ್ದು ಎಂಬುದು ಹೆಳವರ ನಡುವೆಯೇ ಹಂಚಿಕೆಯಾಗಿರುತ್ತದೆ, ತಂದೆಯ ಪಾಲು ಮಗನಿಗೆ ಬರುತ್ತದೆ. ಒಬ್ಬನ ಮನೆಗಳಿಗೆ ಇನ್ನೊಬ್ಬ ಹೋಗುವಂತಿಲ್ಲ. ಹಿಂದೆ ತಾಮ್ರದ ಹಾಳೆ, ತಾಳೆಗರಿಗಳಲ್ಲಿ ಬರಹ ಇತ್ತೆಂದು ಹೆಳವರು ಹೇಳುತ್ತಾರೆ. ಈಗ ಕಾಣುವುದು ಬಟ್ಟೆಯಲ್ಲಿ ಸುತ್ತಿದ ದಪ್ಪ ಚೋಪಡಿ. ಹೆಳವ ಮನೆಗೆ ಬಂದಾಗ ಹಳೆಯದನ್ನು ಓದುತ್ತಾನೆ, ಹೋದ ಸಲ ಬಂದು ಹೋದ ಮೇಲೆ ಹುಟ್ಟಿದವರನ್ನು ಕೇಳಿ ಬರೆದುಕೊಳ್ಳುತ್ತಾನೆ. ಕೆಲವು ಮನೆಗಳಿಗೆ ವರ್ಷಕ್ಕೊಮ್ಮೆ ಬಂದರೆ ಕೆಲವಕ್ಕೆ ಹಲವು ವರ್ಷಗಳಿಗೊಮ್ಮೆ. ಕಾಳು, ಬಟ್ಟೆ, ಪಾತ್ರೆ, ಅನುಕೂಲವಿದ್ದ ಮನೆಯಲ್ಲಿ ದನ ಕೊಡುವುದು ಪದ್ಧತಿ. ಹೊರಗಿನವರ ಕಣ್ಣಿಗೆ ಇದು ಭಿಕ್ಷೆ. ಕೊಡುವ ಮನೆಯವರಿಗೂ ಪಡೆಯುವ ಹೆಳವನಿಗೂ ಅದು ಬರಹದ ಕೂಲಿ. ಮನೆತನದ ದಾಖಲೆ ಬರೆದು ಜೋಪಾನ ಮಾಡಿದ್ದಕ್ಕೆ ಸಲ್ಲಬೇಕಾದ ಸಂಭಾವನೆ ಎಂದೇ ಅದನ್ನು ನೋಡುವುದು ನ್ಯಾಯ. ಹೆಳವರನ್ನು ಕರ್ನಾಟಕ ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲೂ ಮಹಾರಾಷ್ಟ್ರ ಅಲೆಮಾರಿ ಜಮಾತಿಗಳ ಪಟ್ಟಿಯಲ್ಲೂ ಸೇರಿಸಿವೆ.

ಜತ್ತ ನಾಡಿನಲ್ಲಿ ಊರು ಬಿಟ್ಟು ಬಂದ ಕತೆ ಇಲ್ಲದ ಮನೆತನ ಅಪರೂಪ. ಅದಕ್ಕೆ ಮೊದಲ ಕಾರಣ ಮಳೆ. ಸಹ್ಯಾದ್ರಿ ದಾಟಿ ಬರುವ ಮೋಡ ಇಲ್ಲಿಗೆ ಮುಟ್ಟುವಾಗ ಬರಿದಾಗಿರುತ್ತದೆ. ಒಂದೇ ಜಿಲ್ಲೆಯ ಪಶ್ಚಿಮದಲ್ಲಿ ಕೃಷ್ಣೆಯ ದಂಡೆಯ ಕಬ್ಬಿನ ಹಸಿರು, ಪೂರ್ವದ ಜತ್ತದಲ್ಲಿ ಮಳೆಯನ್ನೇ ನಂಬಿದ ಜೋಳ, ಸಜ್ಜೆ, ಕುರಿ. ಮಾಡಗ್ಯಾಳದ ಹೆಸರಿನ ಕುರಿ ತಳಿ ದೂರದವರೆಗೆ ಹೆಸರಾದದ್ದು ಈ ಒಣ ನೆಲದಿಂದಲೇ. ಬರ ಬಿದ್ದಾಗ ಜನ ಎದ್ದು ಹೋಗುತ್ತಿದ್ದರು, ಬೇರೆ ಕಡೆ ಬರ ಬಿದ್ದಾಗ ಅಲ್ಲಿಂದ ಇಲ್ಲಿಗೆ ಬರುತ್ತಿದ್ದರು. ಎರಡನೆಯ ಕಾರಣ ರಾಜಕೀಯ. ಬಿಜಾಪುರದ ಆದಿಲಶಾಹಿಯ ಅಂಗಳದಲ್ಲಿದ್ದ ಈ ಸೀಮೆ ದಂಡಿನ ಹಾದಿಯೂ ಆಗಿತ್ತು. 1673ರಲ್ಲಿ ಶಿವಾಜಿಯ ಸೇನಾಪತಿ ಪ್ರತಾಪರಾವ್ ಗುಜರ್ ಬಿಜಾಪುರದ ಬಹಲೋಲ್ ಖಾನನನ್ನು ಎದುರಿಸಿದ್ದು ಇದೇ ತಾಲ್ಲೂಕಿನ ಉಮರಾಣಿಯ ಬಳಿ. ಡಫಳಾಪುರದ ಪಾಟೀಲಕಿ ಮನೆತನದ ಸಟವಾಜಿರಾವ್ ಡಫಳೆಗೆ ಆದಿಲಶಾಹಿಯಿಂದ ದೇಶಮುಖಿ, ಆಮೇಲೆ ಜಹಗೀರು ಸಿಕ್ಕು ಜತ್ತ ಸಂಸ್ಥಾನ ಹುಟ್ಟಿತು. ಮುಂದೆ ಅದು ಸಾತಾರೆಯ ಜಹಗೀರುಗಳಲ್ಲಿ ಒಂದಾಯಿತು, ಬ್ರಿಟಿಷರ ಕಾಲದಲ್ಲಿ ಬಿಜಾಪುರದ ಏಜೆನ್ಸಿಯ ಕೆಳಗೂ ಇತ್ತು. 1948ರ ಮಾರ್ಚ್‌ನಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆ ಆಯಿತು, 1960ರಲ್ಲಿ ಆ ಜಿಲ್ಲೆಗೆ ಸಾಂಗಲಿ ಎಂದು ಹೆಸರಾಯಿತು.

ಈ ಎಲ್ಲ ಬದಲಾವಣೆಗಳ ನಡುವೆ ತಾಲ್ಲೂಕಿನ ಪೂರ್ವ ಭಾಗದ ಮನೆಮಾತು ಕನ್ನಡವಾಗಿಯೇ ಉಳಿಯಿತು. ಉಮದಿ, ಸಂಖ, ತಿಕ್ಕುಂಡಿ, ಗುಡ್ಡಾಪುರ, ಬಿಳೂರು, ಮುಚ್ಚಂಡಿ, ಬಾಲಗಾಂವಗಳ ಮನೆಗಳಲ್ಲಿ ಅಳುವುದು, ಹಾಡುವುದು, ಹೆಸರಿಡುವುದು ಕನ್ನಡದಲ್ಲಿ. ಲೆಕ್ಕ ಬರೆಯುವುದು, ತೆರಿಗೆ ಕಟ್ಟುವುದು, ಕೋರ್ಟಿಗೆ ಹೋಗುವುದು ಮರಾಠಿಯಲ್ಲಿ. ಹಾಗಾಗಿ ಒಂದೇ ಮನೆತನಕ್ಕೆ ಎರಡು ಹೆಸರು ಬಂದವು. ಊರಲ್ಲಿ ‘ಗೌಡರ’ ಮನೆ ಕಾಗದದಲ್ಲಿ ‘ಪಾಟೀಲ’ ಆಯಿತು. ಹೊಸ ಊರಿಗೆ ಬಂದ ಕುಟುಂಬಕ್ಕೆ ಬಿಟ್ಟು ಬಂದ ಊರಿನ ಹೆಸರೇ ಅಡ್ಡಹೆಸರಾಗುವುದು ಕನ್ನಡದ ರೂಢಿ, ಅದಕ್ಕೆ ‘ಕರ’ ಸೇರಿಸುವುದು ಮರಾಠಿಯ ರೂಢಿ. ಒಬ್ಬರ ಮಕ್ಕಳಲ್ಲಿ ಒಂದು ಕವಲು ಒಂದು ಬಗೆಯಾಗಿ, ಇನ್ನೊಂದು ಕವಲು ಇನ್ನೊಂದು ಬಗೆಯಾಗಿ ಬರೆಯಿಸಿಕೊಂಡು ಮೂರು ತಲೆಮಾರು ಕಳೆದರೆ ಅವರು ಅಣ್ಣತಮ್ಮಂದಿರೆಂದು ಕಾಗದ ನೋಡಿ ತಿಳಿಯುವುದು ಕಷ್ಟ. ಅಡ್ಡಹೆಸರು ಬದಲಾದರೂ ಬೆಡಗು, ಮನೆದೇವರು ಬದಲಾಗುವುದಿಲ್ಲ. ಹೆಳವನ ಲೆಕ್ಕ ನಿಂತಿರುವುದು ಈ ಬದಲಾಗದ ಎರಡರ ಮೇಲೆ. ಅದಕ್ಕೇ ಕಾಗದದಲ್ಲಿ ಕಡಿದುಹೋದ ನಂಟು ಅವನ ಚೋಪಡಿಯಲ್ಲಿ ಸಿಗುತ್ತದೆ.

ಕಾಗದದ ಬೆಲೆಯೂ ಕಡಿಮೆಯದಲ್ಲ. ಸಾತ್‌ಬಾರಾ ಉತಾರೆಯಲ್ಲಿ ಹೊಲದ ಈಗಿನ ಒಡೆಯರ ಹೆಸರಿದ್ದರೆ, ಫೇರಫಾರ ನೋಂದಣಿಯಲ್ಲಿ ಯಾರು ತೀರಿಕೊಂಡರು, ಯಾರು ವಾರಸುದಾರರಾದರು, ವಾಟಣಿ, ಅಂದರೆ ಆಸ್ತಿಯ ಪಾಲು, ಯಾವ ವರ್ಷ ಆಯಿತು ಎಂಬುದು ಸಿಗುತ್ತದೆ. ಗೌಡಕಿ, ಕುಲಕರ್ಣಿಕಿ, ದೇಸಗತಿ ಇದ್ದ ಮನೆತನಗಳು ತಮ್ಮ ಹಕ್ಕು ಸಾಧಿಸಲು ಸರಕಾರಕ್ಕೆ ವಂಶಾವಳಿ ಒಪ್ಪಿಸಬೇಕಾಗುತ್ತಿತ್ತು. ಮುಂಬಯಿ ಪ್ರಾಂತದಲ್ಲಿ 1874ರ ವತನ್ ಕಾಯ್ದೆ ಈ ಹಕ್ಕುಗಳನ್ನು ಕಟ್ಟುಪಾಡಿಗೆ ತಂದಿತು. ಕುಲಕರ್ಣಿ ವತನ್ 1950ರ ಕಾಯ್ದೆಯಿಂದ, ಪಾಟೀಲಕಿ ಮಹಾರಾಷ್ಟ್ರದ 1962ರ ಕಾಯ್ದೆಯಿಂದ ಹೋದವು. ಅಧಿಕಾರ ಹೋದದ್ದು ಸರಿಯೇ, ಆದರೆ ಅದರ ಜೊತೆಗೆ ಮನೆಯ ಕಾಗದದ ಗಂಟೂ ಬೇಡವಾಯಿತು. ಜಂತಿಗೆ ಕಟ್ಟಿದ ಗಂಟುಗಳು ಗೆದ್ದಲಿಗೆ ಹೋದವು, ಮಾಳಿಗೆ ಮನೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟುವಾಗ ಎಷ್ಟೋ ಗಂಟುಗಳು ಒಲೆಗೆ ಬಿದ್ದವು. ಅವು ಮೋಡಿಯಲ್ಲಿದ್ದವು, ಓದಬಲ್ಲವರು ಮನೆಯಲ್ಲಿರಲಿಲ್ಲ. ಓದಲಾಗದ ಕಾಗದವನ್ನು ಕಾಗದವೆಂದು ಯಾರೂ ಎಣಿಸುವುದಿಲ್ಲ.

ಮೋಡಿ ಎಂದರೆ ಮರಾಠಿಯನ್ನು ಲೇಖಣಿಕೆ ಎತ್ತದೆ ವೇಗವಾಗಿ ಬರೆಯುವ ಲಿಪಿ. 20ನೇ ಶತಮಾನದ ನಡುಭಾಗದವರೆಗೆ ಕಚೇರಿಗಳಲ್ಲಿ ಬಳಕೆಯಲ್ಲಿತ್ತು. ಅದನ್ನು ಓದುವವರ ಕೊರತೆ ಎಷ್ಟೆಂಬುದು ಇಡೀ ಮಹಾರಾಷ್ಟ್ರಕ್ಕೆ ತಿಳಿದದ್ದು ಮರಾಠಾ ಮೀಸಲಾತಿಯ ಚಳವಳಿಯ ಹೊತ್ತಿಗೆ. ಹಿರಿಯರನ್ನು ಕುಣಬಿ ಜಾತಿಯವರೆಂದು ಬರೆದ ನೋಂದಣಿಗಳನ್ನು ಹುಡುಕಲು 2023ರ ಸೆಪ್ಟೆಂಬರಿನಲ್ಲಿ ನಿವೃತ್ತ ನ್ಯಾಯಮೂರ್ತಿ ಸಂದೀಪ ಶಿಂದೆ ಸಮಿತಿ ನೇಮಕವಾದ ಮೇಲೆ ತಹಸೀಲ ಕಚೇರಿಗಳ ಹಳೆಯ ದಫ್ತರಗಳು ಹೊರಬಂದವು, ಮೋಡಿ ಬಲ್ಲವರನ್ನು ಹುಡುಕಿ ಕರೆಸಬೇಕಾಯಿತು. ಅಜ್ಜನ ಅಜ್ಜನ ಹೆಸರಿನ ಮುಂದೆ ಏನು ಬರೆದಿದೆ ಎಂಬುದರ ಮೇಲೆ ಮೊಮ್ಮಗನ ಜಾತಿ ಪ್ರಮಾಣಪತ್ರ ನಿಂತಿತು. ಪುಣೆ, ಕೊಲ್ಹಾಪುರಗಳ ಸರಕಾರಿ ದಫ್ತರಖಾನೆಗಳಲ್ಲಿ ಮೋಡಿ ಕಾಗದಗಳ ರಾಶಿಯೇ ಇದೆ. ಗಡಿಯ ಕನ್ನಡ ಮನೆತನಗಳ ಮಕ್ಕಳು ಮೋಡಿ ಕಲಿಯುವುದು ಪರಭಾಷೆಗೆ ಶರಣಾದಂತಲ್ಲ. ತಮ್ಮ ಹಿರಿಯರ ಹೆಸರು ಯಾವ ಲಿಪಿಯಲ್ಲಿದೆಯೋ ಆ ಲಿಪಿಯನ್ನು ಕಲಿಯಲೇಬೇಕು.

ಹೆಳವನೂ ದಫ್ತರವೂ ಹೇಳದ ಕೆಲವು ಸಂಗತಿಗಳು ಜಾತ್ರೆಯಲ್ಲಿ ಉಳಿದಿವೆ. ಉಮರಾಣಿಯಲ್ಲಿ ಲಿಂಗಮ್ಮನಾಗಿ ಹುಟ್ಟಿ ವರದಾನಿ ದಾನಮ್ಮನೆನಿಸಿದ ಶರಣೆಯ ಗುಡಿ ಗುಡ್ಡಾಪುರದಲ್ಲಿದೆ. ಕಾರ್ತಿಕ ಮುಗಿಯುವ ಛಟ್ಟಿ ಅಮಾವಾಸ್ಯೆಗೆ ಕರ್ನಾಟಕದ ಹಲವು ಜಿಲ್ಲೆಗಳಿಂದ ಜನ ನಡೆದುಕೊಂಡೇ ಬರುತ್ತಾರೆ. ಎಂದೋ ಈ ಸೀಮೆ ಬಿಟ್ಟು ಹೋದ ಮನೆತನಗಳಿಗೂ ಮನೆದೇವರು ಇಲ್ಲೇ ಇರುವುದರಿಂದ ಹೋದವರು ಮರಳಿ ಬರುವ ಹಾದಿ ತೆರೆದಿದೆ. ಕುರುಬರ, ಧನಗರರ ದೇವರ ವಂಶಾವಳಿ ಡೊಳ್ಳಿನ ಪದಗಳಲ್ಲಿದೆ. ಜತ್ತಕ್ಕೆ ಹತ್ತಿದ ಮಂಗಳವೇಢೆ ತಾಲ್ಲೂಕಿನ ಹುಲಜಂತಿಯಲ್ಲಿ ದೀಪಾವಳಿಗೆ ಮಾಳಿಂಗರಾಯನ ಜಾತ್ರೆಯಾಗಿ ಪಾಲಕಿಗಳು ಕೂಡಿದಾಗ, ಯಾವ ಊರ ದೇವರು ಯಾವ ಊರ ದೇವರಿಗೆ ಏನಾಗಬೇಕು ಎಂಬುದರಲ್ಲಿ ಆ ಊರುಗಳ ಹಿರಿಯರ ನಂಟೂ ಅಡಗಿರುತ್ತದೆ. ಉಮದಿಯ ಭಾವುಸಾಹೇಬ ಮಹಾರಾಜರಿಂದ (1843–1914) ಬೆಳೆದ ಇಂಚಗೇರಿ ಸಂಪ್ರದಾಯ ಗುರುದೇವ ರಾನಡೆಯವರವರೆಗೆ ಬಂದದ್ದು ಕನ್ನಡ ಮರಾಠಿ ಎರಡೂ ಬಲ್ಲ ಭಕ್ತರ ಮೂಲಕ. ರಕ್ತದ ವಂಶಾವಳಿಯಂತೆ ಗುರುವಿನ ವಂಶಾವಳಿಯೂ ಒಂದು ದಾಖಲೆಯೇ.

ಊರು ಬಿಟ್ಟವರ ನೆನಪನ್ನು ವ್ಯವಸ್ಥಿತವಾಗಿ ಕೂಡಿಡುವುದು ಹೇಗೆಂದು ನೋಡಲು ನಾರ್ವೆಯಿಂದ ಅಮೆರಿಕಕ್ಕೆ ಹೋದವರ ಉದಾಹರಣೆ ಒಳ್ಳೆಯದು. 1825ರಲ್ಲಿ ಸ್ಟಾವಾಂಗರ್ ಬಂದರಿನಿಂದ ‘ರೆಸ್ಟೊರೇಷನ್’ ಎಂಬ ಚಿಕ್ಕ ಹಡಗಿನಲ್ಲಿ ಐವತ್ತೆರಡು ಜನ ಹೊರಟರು. ಮುಂದಿನ ನೂರು ವರ್ಷಗಳಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನ ಆ ಹಾದಿ ಹಿಡಿದರು. ಅವರಲ್ಲೂ ಬಿಟ್ಟು ಬಂದ ಹೊಲಮನೆಯ ಹೆಸರೇ ಅಡ್ಡಹೆಸರಾಗುವುದಿತ್ತು. ಒಂದೇ ಕಣಿವೆಯಿಂದ ಬಂದವರು ಸೇರಿ ‘ಬಿಗ್ಡೆಲಾಗ್’ ಎಂಬ ಊರವರ ಕೂಟಗಳನ್ನು ಕಟ್ಟಿಕೊಂಡರು. ವಾಲ್ಡ್ರೆಸ್ ಸೀಮೆಯವರು 1899ರಲ್ಲಿ ಕಟ್ಟಿದ್ದು ಇವುಗಳಲ್ಲಿ ಮೊದಲನೆಯದು. ಅಯೋವಾದ ಡೆಕೋರಾದಲ್ಲಿ ಪೆಟ್ಟಿಗೆ, ಉಡುಪು, ನೇಗಿಲುಗಳ ಸಂಗ್ರಹ ವೆಸ್ಟರ್‌ಹೈಮ್ ಮ್ಯೂಸಿಯಂ ಆಗಿ ಬೆಳೆಯಿತು. 1925ರಲ್ಲಿ ಅವರದೇ ಇತಿಹಾಸ ಸಂಘ ಹುಟ್ಟಿ ಪತ್ರ, ದಿನಚರಿಗಳನ್ನು ಪ್ರಕಟಿಸತೊಡಗಿತು. ಅತ್ತ ನಾರ್ವೆಯಲ್ಲಿ ಒಂದೊಂದು ಹೊಲಮನೆಯ ಒಡೆತನವನ್ನು ತಲೆಮಾರುಗಟ್ಟಲೆ ಹಿಂದಕ್ಕೆ ಹಿಡಿದು ಬರೆದ ಗ್ರಾಮ ಪುಸ್ತಕಗಳಿವೆ. ಕಡಲಿನ ಎರಡೂ ದಡದ ಬರಹ ಕೂಡಿದ್ದರಿಂದಲೇ ಮರಿಮಕ್ಕಳಿಗೆ ತಮ್ಮ ಹಿರಿಯರ ಅಂಗಳ ಸಿಕ್ಕಿತು. ಭಾರತದಲ್ಲೂ ಇಂಥ ಒಂದು ಕೆಲಸ ನಡೆದಿದೆ. ಹರಿದ್ವಾರದ ಪಂಡಾಗಳ ವಂಶಾವಳಿ ಬಹಿಗಳನ್ನು ಅಮೆರಿಕದ ಯೂಟಾ ರಾಜ್ಯದ ವಂಶಾವಳಿ ಸಂಘ 1977ರಿಂದ ಮೈಕ್ರೋಫಿಲ್ಮ್ ಮಾಡಿಸಿತು. ಹೆಳವರ ಚೋಪಡಿಗಳಿಗೂ ಅಂಥ ಗೌರವ ಸಲ್ಲಬೇಕು.

ಜತ್ತದಿಂದ ಹೊರಗೆ ಹೋಗುವವರ ಸಾಲು ಇನ್ನೂ ನಿಂತಿಲ್ಲ. ದಸರೆ ದೀಪಾವಳಿಯ ನಂತರ ಕಬ್ಬು ಕಡಿಯುವ ಗ್ಯಾಂಗುಗಳು ಸಕ್ಕರೆ ಕಾರಖಾನೆಗಳ ಸೀಮೆಗೆ ಹೋಗುತ್ತವೆ. ಇಚಲಕರಂಜಿಯ ಮಗ್ಗ, ಸೊಲ್ಲಾಪುರದ ಗಿರಣಿ, ಸಾಂಗಲಿಯ ಮಾರುಕಟ್ಟೆ, ಪುಣೆ ಮುಂಬಯಿಗಳ ಕೆಲಸ ಹುಡುಕಿ ಹೋದವರಲ್ಲಿ ಎಷ್ಟೋ ಜನ ಅಲ್ಲೇ ನೆಲೆಯಾದರು. ಹೆಳವ ಸುಗ್ಗಿಯ ಮೇಲೆ ಬಂದಾಗ ಮನೆಗೆ ಬೀಗ ಬಿದ್ದಿರುತ್ತದೆ, ಇಲ್ಲವೆ ಕಿವಿ ಕೇಳದ ಮುದುಕರೊಬ್ಬರೇ ಇರುತ್ತಾರೆ. ಪಟ್ಟಣದಲ್ಲಿ ಹುಟ್ಟಿದ ಮಕ್ಕಳ ಹೆಸರು ಚೋಪಡಿಗೆ ಏರುವುದಿಲ್ಲ. ಇತ್ತ ಹೆಳವರ ಮಕ್ಕಳೂ ಶಾಲೆ ಕಲಿತು ಬೇರೆ ಉದ್ಯೋಗ ಹಿಡಿಯುತ್ತಿದ್ದಾರೆ. ಅದು ಆಗಬೇಕಾದದ್ದೇ. ಯಾರನ್ನೂ ಅಲೆದಾಟಕ್ಕೆ ಕಟ್ಟಿಹಾಕಿ ಚರಿತ್ರೆ ಉಳಿಸುವುದು ಬೇಡ. ಆದರೆ ಚೋಪಡಿ ಓದುವ ಕೊನೆಯ ತಲೆಮಾರು ಇರುವಾಗಲೇ ಅದರ ಪ್ರತಿ ಆಗಬೇಕು.

ಹೆಳವನ ಮಾತನ್ನು ಹಾಗೆಯೇ ನಂಬಬೇಕೆಂದೇನೂ ಇಲ್ಲ. ಹತ್ತಿರದ ಐದಾರು ತಲೆಮಾರಿನ ಹೆಸರುಗಳು ಸಾಮಾನ್ಯವಾಗಿ ಗಟ್ಟಿ, ಏಕೆಂದರೆ ಅವನ್ನು ಮನೆಯವರ ಎದುರಿನಲ್ಲೇ ಕೇಳಿ ಬರೆದದ್ದು. ಅದಕ್ಕೂ ಹಿಂದೆ ಹೋದಂತೆ ಕತೆ ಸೇರುತ್ತದೆ. ಕೊಡುವ ಮನೆತನ ದೊಡ್ಡದೆಂದು ಹೇಳುವುದು ಕಾಯಕದ ಗುಣ, ಮೂಲಪುರುಷ ಯಾವುದೋ ಅರಸನ ದಂಡಿನಲ್ಲಿದ್ದ ಎಂಬ ಮಾತು ಹಾಗೆ ಬಂದಿರಬಹುದು. ಇಸವಿ ಸಿಗುವುದು ಅಪರೂಪ, ಬರ ಬೇನೆಗಳ ಗುರುತು ಸಿಗುತ್ತದೆ. ‘ಡೋಗಿ ಬರದಲ್ಲಿ ಬಂದರು’ ಎಂದರೆ 1791–92ರ ಸುಮಾರು. ಅದೇ ರೀತಿ 1876–78ರ ಬರ, 1896ರ ನಂತರದ ಪ್ಲೇಗು, 1918ರ ಇನ್‌ಫ್ಲುಯೆಂಜಾ, 1972ರ ಬರ ಇವು ನೆನಪಿಗೆ ಗೂಟ ಹೊಡೆದಂಥ ವರ್ಷಗಳು. ಹೆಳವ ಹೇಳಿದ ಹೆಸರು ಫೇರಫಾರದಲ್ಲಿ ಸಿಕ್ಕರೆ, ಬರದ ಗುರುತು ವಾಟಣಿಯ ವರ್ಷಕ್ಕೆ ಕೂಡಿಬಂದರೆ ಅದನ್ನು ಚರಿತ್ರೆಯೆಂದು ಬರೆಯಬಹುದು. ಕೂಡಿಬರದಿದ್ದರೆ ಐತಿಹ್ಯವೆಂದೇ ಗುರುತು ಹಾಕಿ ಇಡುವುದು ಪ್ರಾಮಾಣಿಕತೆ. ಮನೆತನದ ಸಂಬಂಧದ ಬಗ್ಗೆ, ತಕರಾರು ಹುಟ್ಟುವ ಮೊದಲೇ, ತಿಳಿದವರು ಆಡಿದ ಮಾತು, ಬರೆದಿಟ್ಟ ಬರಹ ಅವರು ತೀರಿಕೊಂಡ ಮೇಲೂ ಸಾಕ್ಷ್ಯವಾಗಬಲ್ಲದೆಂದು ಭಾರತದ ಸಾಕ್ಷ್ಯ ಕಾನೂನು ಒಪ್ಪಿದೆ. ಆದ್ದರಿಂದ ಯಾವಾಗ, ಯಾರು, ಎಲ್ಲಿ ಹೇಳಿದರು ಎಂಬುದನ್ನು ಬರೆದಿಡುವುದು ಹೇಳಿದ ಮಾತಿನಷ್ಟೇ ಮುಖ್ಯ.

ಈ ಕೆಲಸವನ್ನು ಗಡಿ ಜಗಳದ ಆಯುಧ ಮಾಡಿಕೊಳ್ಳುವುದು ತಪ್ಪು. 1967ರ ಮಹಾಜನ ವರದಿ ಜತ್ತದ ಹಲವು ಹಳ್ಳಿಗಳನ್ನು ಮೈಸೂರು ರಾಜ್ಯಕ್ಕೆ ಸೇರಿಸಲು ಹೇಳಿತ್ತು. ನೀರಿಲ್ಲದೆ ಬೇಸತ್ತ ನಲವತ್ತು ಹಳ್ಳಿಗಳು ಕರ್ನಾಟಕಕ್ಕೆ ಸೇರುವ ಠರಾವು ಮಾಡಿದ್ದು 2012ರಲ್ಲಿ, ಅದು ದೊಡ್ಡ ಸುದ್ದಿಯಾದದ್ದು 2022ರ ನವೆಂಬರಿನಲ್ಲಿ. ಆಗ ಟಿವಿಯ ಮುಂದೆ ಮಾತಾಡಿದವರಲ್ಲಿ ಹೆಚ್ಚಿನವರು ಜತ್ತದ ಚರಿತ್ರೆಯನ್ನು ಒಂದೇ ಭಾಷೆಯದೆಂದು ಹೇಳಿದರು. ಚೋಪಡಿ ಮತ್ತು ದಫ್ತರ ಬೇರೆಯದನ್ನೇ ಹೇಳುತ್ತವೆ. ಒಂದೇ ಮನೆತನದ ಕವಲುಗಳು ಎರಡೂ ಕಡೆ ಇವೆ, ಹೆಣ್ಣು ಕೊಟ್ಟು ತಂದ ಊರುಗಳು ಗಡಿಯ ಎರಡೂ ಬದಿಗಿವೆ. ರಾಜ್ಯದ ಗೆರೆ ಬಿದ್ದದ್ದು 1956ರಲ್ಲಿ, ನಂಟು ಅದಕ್ಕಿಂತ ಬಹಳ ಹಳೆಯದು.

ಚೋಪಡಿ, ಕಾಗದಗಳನ್ನು ಕಾಯುವ ವಿಧಾನ ಸರಳ, ದುಬಾರಿಯೂ ಅಲ್ಲ. ಹಳೆಯ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಬಾರದು, ಶಾಖ ಮತ್ತು ಅಂಟು ಕಾಗದವನ್ನು ಕೊಲ್ಲುತ್ತವೆ, ಒಮ್ಮೆ ಅಂಟಿದ್ದು ಬಿಡಿಸಲು ಬಾರದು. ಸೆಲ್ಲೊಟೇಪೂ ಬೇಡ. ಒಣಗಿದ, ಗಾಳಿಯಾಡುವ ಜಾಗದಲ್ಲಿ ತೊಳೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ ಇಡಬೇಕು, ಮಳೆಗಾಲ ಕಳೆದ ಮೇಲೆ ನೆರಳಿನಲ್ಲಿ ಬಿಚ್ಚಿ ನೋಡಬೇಕು. ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಒಂದೊಂದು ಪುಟದ ಫೋಟೊ ತೆಗೆದು ಪುಟಸಂಖ್ಯೆಯ ಕ್ರಮದಲ್ಲೇ ಹೆಸರಿಟ್ಟು ಎರಡು ಮೂರು ಕಡೆ ಉಳಿಸಬೇಕು. ಹೆಳವನ ಚೋಪಡಿ ಅವನ ಆಸ್ತಿ. ಅವನ ಒಪ್ಪಿಗೆಯಿಲ್ಲದೆ, ಸಂಭಾವನೆ ಕೊಡದೆ ಅದರ ಚಿತ್ರ ತೆಗೆಯುವುದು ಕಳವಿಗೆ ಸಮ. ಒಂದು ಮನೆತನದ ಪುಟ ಇನ್ನೊಂದು ಮನೆತನದವರ ಕೈಗೆ ಹೋಗದಂತೆಯೂ ನೋಡಿಕೊಳ್ಳಬೇಕು.

ಚೋಪಡಿಯ ದೊಡ್ಡ ಕೊರತೆ ಒಂದಿದೆ. ಅದು ಗಂಡಿನ ಸಾಲು. ತಂದೆ, ಮಗ, ಮೊಮ್ಮಗ ಎಂದು ಇಳಿಯುವ ಪುಟದಲ್ಲಿ ಹೆಣ್ಣುಮಕ್ಕಳ ಹೆಸರು ಕಾಣುವುದು ತೀರ ಕಡಿಮೆ. ಬರದಲ್ಲಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟು ನಡೆದ ತಾಯಿಯ ಹೆಸರು ಹಲವು ಮನೆತನಗಳಿಗೆ ಗೊತ್ತೇ ಇಲ್ಲ. ಮಹಾರಾಷ್ಟ್ರ, ಕರ್ನಾಟಕ ಎರಡೂ ರಾಜ್ಯಗಳು 1994ರಲ್ಲೇ, ಇಡೀ ದೇಶ 2005ರಲ್ಲಿ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳನ್ನು ಮಗನ ಸಮ ಮಾಡಿದವು. ಕಾನೂನು ಬರೆದುಕೊಂಡ ಹೆಸರನ್ನು ಮನೆತನದ ಪುಟ ಇನ್ನೂ ಬರೆದುಕೊಂಡಿಲ್ಲ. ಈ ವರ್ಷ ಸುಗ್ಗಿಯ ಮೇಲೆ ಹೆಳವ ಅಂಗಳಕ್ಕೆ ಬಂದಾಗ ಅವನನ್ನು ಕೂರಿಸಿ, ನೀರು ಕೊಟ್ಟು, ಒಪ್ಪಿಗೆ ಕೇಳಿ ಫೋನಿನ ರೆಕಾರ್ಡರ್ ಹಚ್ಚಿ. ಅವನು ಹೊಸ ಹೆಸರು ಕೇಳಿದಾಗ ಹೆಣ್ಣುಮಕ್ಕಳ, ಸೊಸೆಯಂದಿರ ಹೆಸರನ್ನೂ, ಅವರ ತವರೂರನ್ನೂ ಹೇಳಿ ಬರೆಯಿಸಿ.